ಮಣ್ಣಿನೊಳಗಿನ ಹೆಪ್ಪು

ಮಕ್ಕಳೇ, ಅಜ್ಜಿ ರಾತ್ರಿ ಮಲಗುವ ಮುನ್ನ ಮಾಡುವ ಒಂದು ಕೆಲಸವನ್ನು ಗಮನಿಸಿದ್ದೀರಾ? ಉಗುರುಬೆಚ್ಚಗಿನ ಹಾಲಿಗೆ ಅರ್ಧ ಚಮಚ ಮೊಸರು ಹಾಕಿ, ಕಲಕಿ, ಮುಚ್ಚಿಡುತ್ತಾರೆ. ಬೆಳಗಾಗುವಷ್ಟರಲ್ಲಿ ಪಾತ್ರೆಯ ತುಂಬಾ ಗಟ್ಟಿ ಮೊಸರು! ಹೆಪ್ಪಿನಲ್ಲಿರುವ ಬ್ಯಾಕ್ಟೀರಿಯಾಗಳು ಹಾಲಿನ ಸಕ್ಕರೆಯನ್ನು ತಿನ್ನುತ್ತಾ ಒಂದು ಎರಡಾಗಿ, ಎರಡು ನಾಲ್ಕಾಗಿ ರಾತ್ರಿಯಿಡೀ ಬೆಳೆದಿರುತ್ತವೆ.

ಮಣ್ಣಿನಲ್ಲೂ ಇಂಥ ಹೆಪ್ಪು ಇದೆ. ಅದರಲ್ಲಿ ಕೆಲವು ಬ್ಯಾಕ್ಟೀರಿಯಾಗಳು ತಿನ್ನುವುದು ಸಕ್ಕರೆಯನ್ನಲ್ಲ, ವಿಷವನ್ನು!

ಔಷಧಿ ಎಲ್ಲಿ ಹೋಯಿತು?

ಫಿಲಿಪ್ಪೀನ್ಸ್ ದೇಶದ ಲಾಸ್ ಬಾನ್ಯೋಸ್‌ನಲ್ಲಿ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ ಇದೆ. 1970ರ ಆಸುಪಾಸಿನಲ್ಲಿ ಅಲ್ಲಿನ ನೀರು ನಿಂತ ಗದ್ದೆಗಳಿಗೆ ಡಯಾಜಿನಾನ್ ಎಂಬ ಕೀಟನಾಶಕ ಹಾಕುತ್ತಿದ್ದರು. ಮೊದಲ ಸಲ ಹಾಕಿದ ಗದ್ದೆಯಲ್ಲಿ ಅದು ಹಲವು ದಿನ ಉಳಿಯುತ್ತಿತ್ತು. ಮತ್ತೆ ಮತ್ತೆ ಹಾಕಿದ ಗದ್ದೆಯಲ್ಲಿ ಮಾತ್ರ ಬೇಗನೆ ಕರಗಿಹೋಗುತ್ತಿತ್ತು. ಕಳ್ಳ ಯಾರು?

ಭಾರತೀಯ ವಿಜ್ಞಾನಿ ಎನ್. ಸೇತುನಾಥನ್ ಮತ್ತು ಅವರ ಸಹೋದ್ಯೋಗಿಗಳು ಹುಡುಕಿದರು. ಸಿಕ್ಕಿದ್ದು ಡಯಾಜಿನಾನನ್ನೇ ಊಟ ಮಾಡಿಕೊಂಡಿದ್ದ ಒಂದು ಬ್ಯಾಕ್ಟೀರಿಯಾ. ಸೇತುನಾಥನ್ ಮತ್ತು ಟಿ. ಯೋಶಿದಾ 1973ರಲ್ಲಿ ಅದರ ವಿವರ ಪ್ರಕಟಿಸಿದರು. ಆಗ ಅದನ್ನು ಫ್ಲೇವೊಬ್ಯಾಕ್ಟೀರಿಯಂ ಎಂದು ಕರೆದರು.

ಈ ಬ್ಯಾಕ್ಟೀರಿಯಾದ ಬಳಿ ಒಂದು ಕತ್ತರಿ ಇದೆ. ಅದೇ ಕಿಣ್ವ. ಅದು ಡಯಾಜಿನಾನಿನ ಅಣುವನ್ನು ಎರಡು ತುಂಡು ಮಾಡುತ್ತದೆ. ತುಂಡಾದ ಮೇಲೆ ಅದಕ್ಕೆ ಕೀಟವನ್ನು ಕೊಲ್ಲುವ ಶಕ್ತಿ ಉಳಿಯುವುದಿಲ್ಲ. ಮೊದಲು ಗದ್ದೆಯಲ್ಲಿ ಇಂಥ ಕತ್ತರಿ ಇದ್ದವು ಬೆರಳೆಣಿಕೆಯಷ್ಟೇ ಇದ್ದಿರಬೇಕು. ಉಳಿದವುಗಳಿಗೆ ಬೇಡದ ಊಟ ಇವಕ್ಕೆ ಪದೇ ಪದೇ ಸಿಕ್ಕಿತು. ಹಾಲಿನಲ್ಲಿ ಹೆಪ್ಪು ಬೆಳೆದಂತೆ ಇವೂ ಬೆಳೆದವು.

ಪಕ್ಕದ ಮನೆಯಿಂದ ಹೆಪ್ಪು ಸಾಲ ತರುವುದುಂಟಲ್ಲ? ಬ್ಯಾಕ್ಟೀರಿಯಾಗಳಲ್ಲೂ ಕೊಡು-ಕೊಳ್ಳುವುದು ಇದೆ. ಈ ಕತ್ತರಿಯನ್ನು ತಯಾರಿಸುವ ಜೀನ್ ಇರುವುದು ಡಿಎನ್ಎಯ ಪುಟ್ಟ ಬಳೆಯೊಂದರಲ್ಲಿ. ಇಂಥ ಬಳೆಗಳು ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ದಾಟಬಲ್ಲವು. ಅದೇ ಜೀನ್ ಅಮೆರಿಕದ ಬೇರೊಂದು ಬ್ಯಾಕ್ಟೀರಿಯಾದಲ್ಲೂ ಸಿಕ್ಕಿತು.

ಎಲ್ಲ ವಿಷವೂ ಅರಗದು

ಹಾಗಾದರೆ ಏನು ಸುರಿದರೂ ಮಣ್ಣು ನೋಡಿಕೊಳ್ಳುತ್ತದೆಯೇ? ಇಲ್ಲ, ಮಕ್ಕಳೇ. ಮಲೇರಿಯಾ ತಡೆಯಲು ಗೋಡೆಗಳಿಗೆ ಡಿಡಿಟಿ ಹೊಡೆಯುತ್ತಿದ್ದುದನ್ನು ಅಜ್ಜ ನೆನಪಿಸಿಕೊಳ್ಳಬಹುದು, ಕೇಳಿ ನೋಡಿ. ಹೊಲಗಳಿಗೂ ಅದನ್ನು ಹಾಕುತ್ತಿದ್ದರು. ಡಿಡಿಟಿಯನ್ನು ಅರಗಿಸಿಕೊಳ್ಳುವುದು ಸೂಕ್ಷ್ಮಜೀವಿಗಳಿಗೆ ಬಹಳ ಕಷ್ಟ. ಅದು ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಬದಲಾದರೂ ಡಿಡಿಇ ಎಂಬ ಇನ್ನೊಂದು ಹಟಮಾರಿ ವಸ್ತುವಾಗುತ್ತದೆ. ಭಾರತದಲ್ಲಿ ಬೇಸಾಯಕ್ಕೆ ಅದರ ಬಳಕೆಯನ್ನು 1989ರಲ್ಲಿ ನಿಷೇಧಿಸಲಾಯಿತು.

ಸೀಸ, ಪಾದರಸಗಳ ಕಥೆ ಇನ್ನೂ ಕಷ್ಟ. ಅವು ಮೂಲಧಾತುಗಳು. ಯಾವ ಕಿಣ್ವದ ಕತ್ತರಿಯೂ ಅವನ್ನು ತುಂಡರಿಸಲಾರದು. ಸೂಕ್ಷ್ಮಜೀವಿಗಳು ಅವುಗಳ ರೂಪವನ್ನಷ್ಟೇ ಬದಲಿಸಬಲ್ಲವು. ಅದಕ್ಕೇ ಹಳೆಯ ಬ್ಯಾಟರಿಯನ್ನು ಹಿತ್ತಲಲ್ಲಿ ಹೂಳಬಾರದು, ಉಳಿದ ಕೀಟನಾಶಕವನ್ನು ಗಿಡದ ಬುಡಕ್ಕೆ ಸುರಿಯಬಾರದು.

ಅರಗಿಸಿಕೊಳ್ಳಬಲ್ಲ ವಿಷವನ್ನು ಅರಗಿಸಲು ಕೂಡ ಸೂಕ್ಷ್ಮಜೀವಿಗಳು ಗಟ್ಟಿಮುಟ್ಟಾಗಿರಬೇಕು. ಅವಕ್ಕೆ ತೇವ ಬೇಕು, ಆಹಾರ ಬೇಕು, ಹಲವಕ್ಕೆ ಗಾಳಿಯೂ ಬೇಕು. ಕೊಟ್ಟಿಗೆ ಗೊಬ್ಬರ, ಒಣ ಎಲೆ, ಹಸಿರೆಲೆ ಮಣ್ಣಿಗೆ ಸೇರಿಸುತ್ತಿದ್ದ ಹಿರಿಯರು ಗಿಡಕ್ಕಷ್ಟೇ ಅಲ್ಲ, ಈ ಕಾಣದ ಜೀವಿಗಳಿಗೂ ಊಟ ಬಡಿಸುತ್ತಿದ್ದರು.

ಅಜ್ಜನ ಜೊತೆ ಮಾಡಿ ನೋಡಿ

ಒಂದು ಕುಂಡದಲ್ಲಿ ಗೊಬ್ಬರ ಬೆರೆತ ಮಣ್ಣು ತುಂಬಿ. ಹಳೆಯ ಹತ್ತಿ ಬಟ್ಟೆಯ ಒಂದು ಚೂರು, ಪ್ಲಾಸ್ಟಿಕ್ ಚೀಲದ ಒಂದು ಚೂರು ಅದರಲ್ಲಿ ಹೂತಿಡಿ. ಮಣ್ಣು ಒಣಗದಂತೆ ಆಗಾಗ ನೀರು ಚಿಮುಕಿಸಿ. ಎರಡು ತಿಂಗಳ ಬಳಿಕ ಅಗೆದು ನೋಡಿ, ಸೋಪು ಹಚ್ಚಿ ಕೈ ತೊಳೆದುಕೊಳ್ಳಿ. ಯಾವ ಚೂರು ಜೀರ್ಣವಾಗಿದೆ, ಯಾವುದು ಹಾಗೇ ಇದೆ ಎಂದು ಬರೆದಿಡಿ. ಮಣ್ಣಿಗೆ ಏನು ಕೊಡಬಹುದು, ಏನು ಕೊಡಬಾರದು ಎಂಬುದನ್ನು ಆ ಕುಂಡವೇ ನಿಮಗೆ ಹೇಳುತ್ತದೆ.