ಮೊದಲ ಮಾತ್ರೆ ಸಾಲದಿದ್ದಾಗ

ನಮ್ಮ ಅಮ್ಮಿಗೆ ಆರು ವರ್ಷದಿಂದ ಸಂಧಿವಾತ. ವಯಸ್ಸಾದವರ ಮಂಡಿನೋವು ಬೇರೆ, ಇದು ಬೇರೆ. ಡಾಕ್ಟರ್ ಇದನ್ನು ರುಮಟಾಯ್ಡ್ ಆರ್ಥ್ರೈಟಿಸ್ ಎನ್ನುತ್ತಾರೆ. ರೋಗಾಣುಗಳ ಜೊತೆ ಹೋರಾಡಬೇಕಾದ ರಕ್ಷಣಾ ವ್ಯವಸ್ಥೆ ನಮ್ಮದೇ ಕೀಲುಗಳ ಒಳಪೊರೆಯ ಮೇಲೆ ಬೀಳುತ್ತದೆ. ಬೆಳಿಗ್ಗೆ ಬೆರಳು ಮಡಚಲು ಬರುವುದಿಲ್ಲ. ರಮ್‌ಜಾನ್‌ನಲ್ಲಿ ಸೆಹರಿಗೆ ಹಿಟ್ಟು ಕಲಸುವುದು ಈಗ ನನ್ನ ಕೆಲಸ.

ಇದಕ್ಕೆ ಸಾಮಾನ್ಯವಾಗಿ ಮೊದಲು ಕೊಡುವುದು ಮೆಥೊಟ್ರೆಕ್ಸೇಟ್. ವಾರಕ್ಕೆ ಒಂದೇ ದಿನ ನುಂಗಬೇಕು. ಮರೆತು ದಿನವೂ ನುಂಗಿದರೆ ಬಾಯಿ ತುಂಬ ಹುಣ್ಣಾಗಿ, ರಕ್ತಕಣ ಕಡಿಮೆಯಾಗಿ ಜೀವಕ್ಕೇ ಅಪಾಯ. ಅದಕ್ಕೇ ನಮ್ಮ ಮನೆ ಕ್ಯಾಲೆಂಡರಿನಲ್ಲಿ ಪ್ರತಿ ಬುಧವಾರಕ್ಕೆ ಹಸಿರು ಗುರುತು ಇದೆ. ಗುಣ ಕಾಣಲು ಎರಡು ಮೂರು ತಿಂಗಳು ಬೇಕು. ನೋವಿನ ಮಾತ್ರೆ ನೋವನ್ನು ಅಡಗಿಸುತ್ತದೆ, ಕೀಲು ಸವೆಯುವುದನ್ನು ತಡೆಯುವುದಿಲ್ಲ. ಮೆಥೊಟ್ರೆಕ್ಸೇಟ್ ಒಂದೇ ಸಾಲದಿದ್ದರೆ ಸಲ್ಫಸಲಜೀನ್, ಹೈಡ್ರಾಕ್ಸಿಕ್ಲೋರೋಕ್ವಿನ್ (ಕೊರೋನಾ ಕಾಲದಲ್ಲಿ ಟಿವಿಯಲ್ಲಿ ಕೇಳಿದ್ದೆವಲ್ಲ, ಅದೇ) ಸೇರಿಸುತ್ತಾರೆ. ಅಮ್ಮಿಗೆ ಅದೂ ಸಾಲಲಿಲ್ಲ.

ಊದಿದ ಕೀಲಿನಲ್ಲಿ ಟಿಎನ್‌ಎಫ್ ಎಂಬ ಪ್ರೋಟೀನ್ ಅತಿಯಾಗಿ ತಯಾರಾಗಿ ಉರಿಯೂತವನ್ನು ಹೆಚ್ಚಿಸುತ್ತದೆ. 1992ರಲ್ಲಿ ಲಂಡನ್ನಿನ ಚಾರಿಂಗ್ ಕ್ರಾಸ್ ಆಸ್ಪತ್ರೆಯಲ್ಲಿ ಭಾರತೀಯ ಮೂಲದ ರವೀಂದರ್ ಮೈನಿ ಮತ್ತು ಮಾರ್ಕ್ ಫೆಲ್ಡ್‌ಮನ್, ಬೇರೆ ಔಷಧಗಳು ಕೆಲಸ ಮಾಡದ ರೋಗಿಗಳಿಗೆ ಈ ಪ್ರೋಟೀನನ್ನು ಹಿಡಿದುಹಾಕುವ ಔಷಧ ಕೊಟ್ಟು ನೋಡಿದರು. ಊತ ಇಳಿಯಿತು. ಇನ್‌ಫ್ಲಿಕ್ಸಿಮ್ಯಾಬ್, ಅಡಾಲಿಮ್ಯಾಬ್ ಈ ಜಾತಿಯವು. ಇವೂ ಪ್ರೋಟೀನ್‌ಗಳೇ. ನುಂಗಿದರೆ ಹೊಟ್ಟೆಯಲ್ಲಿ ಜೀರ್ಣವಾಗಿಬಿಡುತ್ತವೆ, ಹಾಗಾಗಿ ಇಂಜೆಕ್ಷನ್ ಅಥವಾ ಡ್ರಿಪ್.

ಆದರೆ ಮೈಯಲ್ಲಿ ಸುಮ್ಮನೆ ಮಲಗಿರುವ ಟಿಬಿ ರೋಗಾಣುವನ್ನು ಕಟ್ಟಿಹಾಕುವುದೂ ಇದೇ ಟಿಎನ್‌ಎಫ್. ಅದನ್ನು ತಡೆದರೆ ಟಿಬಿ ಎದ್ದು ಕೂರಬಹುದು. ಆದ್ದರಿಂದ ಮೊದಲು ಎದೆಯ ಎಕ್ಸ್‌ರೇ, ಟಿಬಿ ಪರೀಕ್ಷೆ. ಅಮ್ಮಿಯ ಪರೀಕ್ಷೆ ಪಾಸಿಟಿವ್ ಬಂತು. ಕೆಮ್ಮಿಲ್ಲ, ಜ್ವರವಿಲ್ಲ, ಮಲಗಿರುವ ಟಿಬಿ ಯಾರಿಗೂ ಹರಡುವುದೂ ಇಲ್ಲ. ಇಷ್ಟನ್ನು ನಮ್ಮ ಖಾಲಾಗೆ ಒಪ್ಪಿಸಲು ಒಂದು ವಾರ ಹಿಡಿಯಿತು!

ಟೊಫಾಸಿಟಿನಿಬ್ ಎಂಬ ಮಾತ್ರೆಯೂ ಇದೆ. ಅದು ಜೀವಕೋಶದ ಒಳಗೇ ಉರಿಯೂತದ ಸಂದೇಶವನ್ನು ತಡೆಯುತ್ತದೆ. ಅದಕ್ಕೂ ಟಿಬಿ ಪರೀಕ್ಷೆ ಬೇಕು. ಹೃದಯದ ಕಾಯಿಲೆ ಇದ್ದವರಿಗೆ, ಸಿಗರೇಟು ಸೇದುವವರಿಗೆ ಕೊಡುವ ಮುನ್ನ ಡಾಕ್ಟರ್ ಯೋಚಿಸುತ್ತಾರೆ.

ಇನ್ನು ನಮ್ಮ ಕಾಮರ್ಸ್‌ನವರ ಮಾತು. ಅಡಾಲಿಮ್ಯಾಬ್‌ಗೆ ಸಮಾನವಾದ ಬಯೋಸಿಮಿಲರ್ ಔಷಧವನ್ನು ಜಗತ್ತಿನಲ್ಲೇ ಮೊದಲು ಮಾರಾಟಕ್ಕೆ ತಂದದ್ದು ಭಾರತದ ಝೈಡಸ್ ಕಂಪನಿ, 2014ರ ಡಿಸೆಂಬರ್‌ನಲ್ಲಿ. ಪೇಟೆಂಟುಗಳ ಕೋಟೆಯಿಂದಾಗಿ ಅಮೆರಿಕದವರು ಅಂಥದ್ದಕ್ಕೆ 2023ರವರೆಗೆ ಕಾದರು. ಏಕಸ್ವಾಮ್ಯದ ಪಾಠ ನನಗೆ ಅರ್ಥವಾದದ್ದು ಇಲ್ಲಿ. ಆದರೂ ಇಂಜೆಕ್ಷನ್ ನಮ್ಮಂಥ ಮನೆಗೆ ಅಗ್ಗವಲ್ಲ, ಅಬ್ಬಾ ಸ್ಕೂಟರ್ ಮಾರುವ ಮಾತಾಡುತ್ತಿದ್ದಾರೆ.

ಸದ್ಯಕ್ಕೆ ಅಮ್ಮಿ ಟಿಬಿ ತಡೆಯುವ ಮಾತ್ರೆ ನುಂಗುತ್ತಿದ್ದಾರೆ. ಮೊದಲ ಇಂಜೆಕ್ಷನ್ ಮುಂದಿನ ತಿಂಗಳು.