ಊಟಕ್ಕೆ ಮುನ್ನ ಹಣ್ಣು: ಒಂದು ಜಮಾ-ಖರ್ಚಿನ ವಿಚಾರ

ಹಬ್ಬದೂಟದ ಕೊನೆಗೆ ಬಾಳೆಹಣ್ಣನ್ನೋ ಸೀಕರಣೆಯನ್ನೋ ಸವಿಯುವುದು ನಮ್ಮವರ ವಾಡಿಕೆ. ಅದೇ ಹಣ್ಣನ್ನು ಊಟದ ಮೊದಲಿಗೆ ತಂದರೆ ದೇಹದ ತೂಕ ಇಳಿಯುವುದೆಂಬ ಮಾತು ಈ ಮುಂಬಯಿಯ ಲೋಕಲ್ ರೈಲಿನಲ್ಲೂ ಕಚೇರಿಯ ಊಟದ ಕೋಣೆಯಲ್ಲೂ ಆಗಾಗ ಕೇಳಿಬರುತ್ತದೆ. ನಾನು ವೈದ್ಯನಲ್ಲ, ಬ್ಯಾಂಕಿನ ಲೆಕ್ಕಪತ್ರ ನೋಡುವವನು. ಆದರೆ ಕಳೆದ ವರ್ಷದ ತಪಾಸಣೆಯಲ್ಲಿ ರಕ್ತದ ಸಕ್ಕರೆ ಗಡಿ ಮುಟ್ಟಿದೆಯೆಂದೂ, ತಂದೆಯವರನ್ನು ಕಾಡಿದ ಮಧುಮೇಹ ನನಗೂ ದೂರವಿಲ್ಲವೆಂದೂ ವೈದ್ಯರು ಎಚ್ಚರಿಸಿದ ಮೇಲೆ ಈ ಮಾತನ್ನು ಲಘುವಾಗಿ ಕಾಣಲಾಗಲಿಲ್ಲ.

ಮಾತಿಗೆ ಆಧಾರವಿಲ್ಲದಿಲ್ಲ. 2009ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯ ಸ್ಟೇಟ್ ವಿಶ್ವವಿದ್ಯಾಲಯದ ಬಾರ್ಬರಾ ರೋಲ್ಸ್ ಮತ್ತು ಅವರ ಸಹೋದ್ಯೋಗಿ 58 ಜನರ ಮೇಲೆ ನಡೆಸಿದ ಪ್ರಯೋಗವನ್ನು ಪ್ರಕಟಿಸಿದರು. ಊಟಕ್ಕೆ ಸ್ವಲ್ಪ ಮೊದಲು ಸೇಬನ್ನು ಅಗಿದು ತಿಂದವರು, ಆ ಸೇಬಿನ ಕ್ಯಾಲರಿಗಳನ್ನು ಕೂಡಿಸಿಕೊಂಡರೂ, ಒಟ್ಟಿನಲ್ಲಿ ಶೇಕಡ 15ರಷ್ಟು ಕಡಿಮೆ ಉಂಡರು. ಸೇಬಿನ ರಸ ಕುಡಿದವರಲ್ಲಿ ಈ ಗುಣ ಕಾಣಲಿಲ್ಲ. ಹಣ್ಣಿನ ನೀರೂ ನಾರೂ ಜಠರವನ್ನು ತುಂಬುತ್ತವೆ; ಅಗಿಯಲು ಹೊತ್ತು ಹಿಡಿಯುತ್ತದೆ; ಅಷ್ಟರಲ್ಲಿ ಹಸಿವಿನ ಮೊನೆ ಮೊಂಡಾಗುತ್ತದೆ. ರಸವಾದರೋ ನಾಲ್ಕು ಗುಟುಕಿನಲ್ಲಿ ಮುಗಿದುಹೋಗುವ ವಸ್ತು. ಆದರೆ ಅದು ಒಂದೊಂದು ಹೊತ್ತಿನ ಊಟದ ಲೆಕ್ಕವೇ ಹೊರತು ತಿಂಗಳುಗಟ್ಟಲೆಯ ತೂಕದ ಲೆಕ್ಕವಲ್ಲವೆಂಬುದನ್ನು ಮರೆಯಬಾರದು.

ನಾನು ಮರೆತೆ. ಮೊದಲ ತಿಂಗಳು ಪ್ರತಿ ರಾತ್ರಿ ಊಟಕ್ಕೆ ಮುನ್ನ ಎರಡು ಬಾಳೆಹಣ್ಣು ತಿಂದು, ಬಳಿಕ ಎಂದಿನಂತೆ ಎರಡು ಸಲ ಅನ್ನ ಬಡಿಸಿಕೊಂಡೆ. ತಿಂಗಳ ಕೊನೆಗೆ ತೂಕ ಒಂದು ಕಿಲೋ ಏರಿತ್ತು! ಎರಡು ಬಾಳೆಹಣ್ಣೆಂದರೆ ಸುಮಾರು 200 ಕ್ಯಾಲರಿ. ಜಮೆಯ ಕಡೆ ಹೊಸ ಬಾಬತ್ತು ಸೇರಿಸಿ ಖರ್ಚಿನ ಕಡೆ ಏನನ್ನೂ ಬರೆಯದಿದ್ದರೆ ಶಿಲ್ಕು ಬೆಳೆಯದೆ ಇನ್ನೇನಾದೀತು? ವಾಣಿಜ್ಯ ಪದವೀಧರನಿಗೆ ಇದನ್ನು ತಕ್ಕಡಿ ಕಲಿಸಬೇಕಾಯಿತು.

ಆಮೇಲೆ ಸೀಬೆಗೆ ಬದಲಾಯಿಸಿದೆ. ಧಾರವಾಡದ ಕಡೆಯವರ ಪೇರಲ, ಇಲ್ಲಿಯವರ ಪೇರು. ನೂರು ಗ್ರಾಂ ಸೀಬೆಯಲ್ಲಿ 70ಕ್ಕೆ ಮೀರದ ಕ್ಯಾಲರಿಯೂ ಸುಮಾರು 5 ಗ್ರಾಂ ನಾರೂ ಉಂಟು; ದುಬಾರಿ ಸೇಬಿನಲ್ಲಿ ನಾರು ಅದರ ಅರ್ಧದಷ್ಟು. ಪರಂಗಿ, ಕಿತ್ತಳೆಗಳೂ ಆದೀತು. ಮಾವಿನ ಕಾಲದಲ್ಲಿ ಮಾತ್ರ ಕೈ ಬಿಗಿಹಿಡಿಯುವುದು ಕಷ್ಟ; ರಸಪುರಿಯ ಮುಂದೆ ನನ್ನ ಶಾಸ್ತ್ರವೆಲ್ಲ ಸುಳ್ಳು.

ಊಟದ ಮೇಲೆ ತಿಂದ ಹಣ್ಣು ಹೊಟ್ಟೆಯಲ್ಲಿ ಕೊಳೆಯುತ್ತದೆಂದು ಹೆದರಿಸುವವರಿದ್ದಾರೆ. 1985ರಲ್ಲಿ ಅಮೆರಿಕದ ಡೈಮಂಡ್ ದಂಪತಿಗಳು ಬರೆದ ಜನಪ್ರಿಯ ಗ್ರಂಥವೊಂದು ಈ ಬಗೆಯ ನಂಬಿಕೆಗೆ ಬಹಳ ಪ್ರಚಾರ ಕೊಟ್ಟಿತು. ಜಠರದ ತೀಕ್ಷ್ಣ ಆಮ್ಲದಲ್ಲಿ ಹಾಗೆ ಕೊಳೆಯುವುದಕ್ಕೆ ಅವಕಾಶವಿಲ್ಲ. ಊಟದ ನಂತರದ ಹಣ್ಣು ವಿಷವಲ್ಲ. ತುಂಬಿದ ಹೊಟ್ಟೆಯ ಮೇಲಿನ ಹೆಚ್ಚುವರಿ, ಅಷ್ಟೆ. ಇನ್ನು ಇನ್ಸುಲಿನ್ ತೆಗೆದುಕೊಳ್ಳುವವರೂ, ಪೊಟ್ಯಾಸಿಯಂ ಮಿತಿಯಲ್ಲಿರಬೇಕಾದ ಮೂತ್ರಪಿಂಡದ ರೋಗಿಗಳೂ ತಮ್ಮ ವೈದ್ಯರನ್ನು ಕೇಳದೆ ಈ ಪ್ರಯೋಗಕ್ಕೆ ಇಳಿಯಕೂಡದು.

ಈಗ ಸಂಜೆ ಮನೆ ಸೇರಿದೊಡನೆ ತೊಳೆದಿಟ್ಟ ಸೀಬೆಯೊಂದನ್ನು ನಿಧಾನವಾಗಿ ತಿಂದು, ಕಾಲು ಗಂಟೆ ಕಳೆದು ಊಟಕ್ಕೆ ಕೂರುತ್ತೇನೆ. ಎರಡನೆಯ ಸಲದ ಅನ್ನ ನಿಂತಿದೆ. ಆರು ತಿಂಗಳಲ್ಲಿ ಮೂರು ಕಿಲೋ ಇಳಿದಿದೆ. ಅದರಲ್ಲಿ ಸೀಬೆಯ ಪಾಲೆಷ್ಟು, ಬಿಟ್ಟ ಅನ್ನದ ಪಾಲೆಷ್ಟು ಎಂದು ಬೇರ್ಪಡಿಸಿ ಬರೆಯಲಾರೆ. ಸಕ್ಕರೆಯ ಮುಂದಿನ ಪರೀಕ್ಷೆ ಏಪ್ರಿಲ್‌ನಲ್ಲಿ, ಬ್ಯಾಂಕಿನ ವರ್ಷಾಂತ್ಯದ ಲೆಕ್ಕ ಮುಗಿದ ಮೇಲೆ.