ಬೆಳೆ ರಕ್ಷಣೆಗಾಗಿ ಬಂದೂಕು ಪರವಾನಗಿ ಮತ್ತು ಕಾಡತೂಸು ಮರುತುಂಬುವ ಯಂತ್ರ: ಹೊಸ ಅರ್ಜಿದಾರರಿಗೆ ತಿಳುವಳಿಕೆ

ವಿಜಯನಗರ ಜಿಲ್ಲೆಯ ಕೊಟ್ಟೂರು, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳಲ್ಲಿ ಬಹುಪಾಲು ಜಮೀನು ಮಳೆಯಾಶ್ರಿತವಾಗಿದೆ. ಉಜ್ಜಿನಿ ಸುತ್ತಮುತ್ತಲ ರೈತರು ಮೆಕ್ಕೆಜೋಳ, ಶೇಂಗಾ ಮುಂತಾದ ಬೆಳೆಗಳನ್ನು ನಂಬಿ ಬದುಕುವವರು. ಕೈಗೆ ಬಂದ ಫಸಲನ್ನು ಕಾಡುಹಂದಿಗಳ ಹಿಂಡು ಒಂದೇ ರಾತ್ರಿಯಲ್ಲಿ ಹಾಳುಮಾಡಿದರೆ ಆ ವರ್ಷದ ಸಾಲ ತೀರುವುದಿಲ್ಲ. ಆದ್ದರಿಂದ ಬೆಳೆ ಕಾಯಲು ಬಂದೂಕು ಬೇಕೆಂದು ಅರ್ಜಿ ಸಲ್ಲಿಸುವುದು ಸಹಜವಾಗಿದೆ.

ಇತ್ತೀಚಿನ ವರ್ಷಗಳಲ್ಲಿ ಅರ್ಜಿದಾರರು ಇನ್ನೊಂದು ಪ್ರಶ್ನೆಯನ್ನೂ ಕೇಳುತ್ತಿದ್ದಾರೆ. ಹೊಸ ಕಾಡತೂಸು (ತೋಟಾ) ದುಬಾರಿಯಾದ ಕಾರಣ, ಹಾರಿಸಿದ ಖಾಲಿ ಕಾಡತೂಸಿಗೆ ಮತ್ತೆ ಮದ್ದು ತುಂಬುವ ಯಂತ್ರವನ್ನು ಖರೀದಿಸಬಹುದೇ, ಮೊದಲ ಬಾರಿ ಕೊಳ್ಳುವವರು ಯಾವ ಯಂತ್ರ ಹಾಗೂ ಯಾವ ಉಪಕರಣಗಳನ್ನು ಆರಿಸಬೇಕು ಎಂಬುದೇ ಆ ಪ್ರಶ್ನೆ. ವಿದೇಶಗಳ ವಿಡಿಯೊಗಳನ್ನು ನೋಡಿ ಇಂತಹ ಯಂತ್ರಕ್ಕೆ ಹಣ ಕಟ್ಟುವ ಮುನ್ನ ಈ ಕೆಳಗಿನ ಮಾಹಿತಿಯನ್ನು ಸಂಪೂರ್ಣವಾಗಿ ಓದಿಕೊಳ್ಳಲು ಕೋರಲಾಗಿದೆ.

1. ಮರುತುಂಬುವ ಯಂತ್ರದ ಬಗ್ಗೆ ಕಾನೂನು ಏನು ಹೇಳುತ್ತದೆ?

ಆಯುಧಗಳ ಅಧಿನಿಯಮ, 1959ರ 2ನೇ ಪ್ರಕರಣದಲ್ಲಿ "ಮದ್ದುಗುಂಡು" ಎಂಬ ಪದಕ್ಕೆ ಅರ್ಥವನ್ನು ನಿರೂಪಿಸಲಾಗಿದೆ. ಸಿದ್ಧವಾದ ಕಾಡತೂಸು ಮಾತ್ರ ಮದ್ದುಗುಂಡು ಎಂದು ಅನೇಕರು ಭಾವಿಸಿರುತ್ತಾರೆ. ಆದರೆ ಮದ್ದುಗುಂಡಿನ ಬಿಡಿಭಾಗಗಳು ಹಾಗೂ ಮದ್ದುಗುಂಡನ್ನು ತಯಾರಿಸುವ ಯಂತ್ರಗಳು ಸಹ ಈ ನಿರೂಪಣೆಯಲ್ಲಿ ಸೇರಿವೆ. ಅಂದರೆ ಕೈಯಿಂದ ಒತ್ತುವ ಸಣ್ಣ ಯಂತ್ರವೂ ಕಾನೂನಿನ ದೃಷ್ಟಿಯಲ್ಲಿ ಮದ್ದುಗುಂಡಿಗೆ ಸಮನಾಗಿರುತ್ತದೆ. ಕಬ್ಬಿಣದ ಅಂಗಡಿಯ ಸಾಮಾನಿನಂತೆ ಅದನ್ನು ಕೊಂಡು ಮನೆಯಲ್ಲಿ ಇಟ್ಟುಕೊಳ್ಳಲು ಅವಕಾಶವಿಲ್ಲ.

ಇದರಿಂದ ಅರ್ಜಿದಾರರು ತಿಳಿಯಬೇಕಾದ ಅಂಶಗಳು:

(ಅ) ಬಂದೂಕು ಹಾಗೂ ಮದ್ದುಗುಂಡನ್ನು ಹೊಂದಲು 3ನೇ ಪ್ರಕರಣದಡಿ ಪರವಾನಗಿ ಬೇಕು. ತಯಾರಿಸಲು ಮತ್ತು ಮಾರಲು 5ನೇ ಪ್ರಕರಣದಡಿ ಬೇರೆಯೇ ಪರವಾನಗಿ ಬೇಕು. ಬೆಳೆ ರಕ್ಷಣೆಗಾಗಿ ಪಡೆದ ಪರವಾನಗಿಯು ತಯಾರಿಕೆಗೆ ಅನುಮತಿ ನೀಡುವುದಿಲ್ಲ.

(ಆ) ಹೊರದೇಶದಿಂದ ತರಿಸಿಕೊಳ್ಳುವುದಾದರೆ 10ನೇ ಪ್ರಕರಣದಡಿ ಆಮದು ಪರವಾನಗಿ ಬೇಕು. ಅಂಚೆ ಅಥವಾ ಕೊರಿಯರ್ ಮೂಲಕ ಬಂದ ಮಾತ್ರಕ್ಕೆ ವಸ್ತು ಸಕ್ರಮವಾಗುವುದಿಲ್ಲ.

(ಇ) 2019ರ ತಿದ್ದುಪಡಿಯ ನಂತರ, ಪರವಾನಗಿ ಇಲ್ಲದೆ ಬಂದೂಕು ಅಥವಾ ಮದ್ದುಗುಂಡು ಹೊಂದಿದ್ದಲ್ಲಿ ಸಾಮಾನ್ಯವಾಗಿ 2 ವರ್ಷಕ್ಕೆ ಕಡಿಮೆಯಿಲ್ಲದ, 5 ವರ್ಷದವರೆಗಿನ ಕಾರಾಗೃಹ ವಾಸ ಮತ್ತು ದಂಡ ವಿಧಿಸಬಹುದು. ಅನಧಿಕೃತ ತಯಾರಿಕೆಗೆ 7 ವರ್ಷಕ್ಕೆ ಕಡಿಮೆಯಿಲ್ಲದ, ಜೀವಾವಧಿಯವರೆಗಿನ ಶಿಕ್ಷೆ ಇದೆ.

ಕಾಡತೂಸಿನ ಖರ್ಚಿನಲ್ಲಿ ಕೆಲವು ರೂಪಾಯಿಗಳನ್ನು ಉಳಿಸಲು ಹೋಗಿ ಇಡೀ ಕುಟುಂಬ ನ್ಯಾಯಾಲಯಕ್ಕೆ ಅಲೆಯುವಂತಾಗಬಾರದು. ಖಾಲಿ ಕಾಡತೂಸಿಗೆ ಮದ್ದು ತುಂಬಿಕೊಡುವುದಾಗಿ ಊರಿಂದೂರಿಗೆ ಬರುವವರಲ್ಲಿಯೂ ಈ ಕೆಲಸ ಮಾಡಿಸಬಾರದು. ಮದ್ದಿನ ಪ್ರಮಾಣ ಸ್ವಲ್ಪ ಹೆಚ್ಚಾದರೂ ನಳಿಗೆ ಸಿಡಿದು ಹಾರಿಸುವವರ ಕೈ ಮತ್ತು ಕಣ್ಣಿಗೆ ಅಪಾಯವಾಗುತ್ತದೆ.

2. ಹಾಗಾದರೆ ಮೊದಲ ಬಾರಿಗೆ ಯಾವ ಬಂದೂಕಿಗೆ ಅರ್ಜಿ ಸಲ್ಲಿಸಬೇಕು?

ಅಧಿನಿಯಮದ 13ನೇ ಪ್ರಕರಣವು ರೈತರಿಗೆ ಅನುಕೂಲಕರವಾದ ಒಂದು ಉಪಬಂಧವನ್ನು ಹೊಂದಿದೆ. ನೈಜವಾಗಿ ಬೆಳೆ ರಕ್ಷಣೆಗೆಂದು ಬಾಯಿಯಿಂದ ಮದ್ದು ತುಂಬುವ ಬಂದೂಕನ್ನು (ಕೇಪಿನ ಕೋವಿ) ಕೋರಿದಲ್ಲಿ, ಬೇರೆ ಅನರ್ಹತೆ ಇಲ್ಲದಿದ್ದರೆ ಪರವಾನಗಿ ನೀಡತಕ್ಕದ್ದೆಂದು ಅದರಲ್ಲಿ ಹೇಳಿದೆ. ಅಂತಹ ಬಂದೂಕು ಸಾಲದೆಂದು ಪರವಾನಗಿ ಪ್ರಾಧಿಕಾರಕ್ಕೆ ಮನವರಿಕೆಯಾದಲ್ಲಿ ನಯವಾದ ನಳಿಗೆಯ ಬೇರೆ ಬಂದೂಕಿಗೂ ಪರವಾನಗಿ ನೀಡಬಹುದು.

ಕೇಪಿನ ಕೋವಿಯಲ್ಲಿ ಪ್ರತಿ ಈಡಿಗೂ ಮದ್ದನ್ನು ನಳಿಗೆಯ ಬಾಯಿಯಿಂದಲೇ ಹಾಕಿ ಗಜದಿಂದ ಗಟ್ಟಿಮಾಡಲಾಗುತ್ತದೆ. ಇಲ್ಲಿ ಕಾಡತೂಸೂ ಇಲ್ಲ, ಅದನ್ನು ಮರುತುಂಬುವ ಯಂತ್ರದ ಅಗತ್ಯವೂ ಇಲ್ಲ. ಪರವಾನಗಿ ಹೊಂದಿದ ಮಾರಾಟಗಾರರಿಂದ, ಪರವಾನಗಿಯಲ್ಲಿ ನಮೂದಿಸಿದ ಪ್ರಮಾಣಕ್ಕೆ ಮೀರದಂತೆ ಮದ್ದು ಹಾಗೂ ಕೇಪು ಖರೀದಿಸಿದರೆ ಸಾಕು. ಸದ್ದಿನಿಂದ ಪ್ರಾಣಿಗಳನ್ನು ಓಡಿಸುವುದೇ ಉದ್ದೇಶವಾದಲ್ಲಿ ಕಡಿಮೆ ಖರ್ಚಿನ ಆಯ್ಕೆ ಇದೇ ಆಗಿದೆ. ಕಾಡತೂಸಿನ ಬಂದೂಕು ಬೇಗ ತುಂಬಲು ಮತ್ತು ಖಾಲಿ ಮಾಡಲು ಸುಲಭ. ಆದರೆ ಪ್ರತಿ ಈಡಿಗೂ ಹೊಸ ಕಾಡತೂಸನ್ನೇ ಕೊಳ್ಳಬೇಕಾಗುತ್ತದೆ. ಅರ್ಜಿ ಸಲ್ಲಿಸುವ ಮುನ್ನ ಈ ಖರ್ಚನ್ನು ಲೆಕ್ಕ ಹಾಕಿಕೊಳ್ಳುವುದು ಒಳಿತು.

3. ಜೊತೆಗೆ ಬೇಕಾಗುವ ಸಾಮಗ್ರಿಗಳು

- ನಳಿಗೆಯನ್ನು ಶುಚಿಗೊಳಿಸುವ ಗಜ, ಬಟ್ಟೆ ಮತ್ತು ಎಣ್ಣೆ.
- ಬಂದೂಕನ್ನು ಇಡಲು ಬೀಗವಿರುವ ಗಟ್ಟಿಮುಟ್ಟಾದ ಪೆಟ್ಟಿಗೆ.
- ಮದ್ದುಗುಂಡನ್ನು ಇಡಲು ಬೀಗವಿರುವ ಇನ್ನೊಂದು ಪೆಟ್ಟಿಗೆ. ಇದು ಒಲೆ, ದೀಪ ಮತ್ತು ಮಕ್ಕಳ ಕೈಗೆ ದೂರವಿರಬೇಕು.
- ಖರೀದಿ, ಬಳಕೆ ಹಾಗೂ ಉಳಿಕೆಯನ್ನು ದಿನಾಂಕವಾರು ಬರೆದಿಡುವ ಒಂದು ಪುಸ್ತಕ. ಖಾಲಿ ಕಾಡತೂಸುಗಳನ್ನೂ ಲೆಕ್ಕಕ್ಕಾಗಿ ತೆಗೆದಿಡುವುದು ಸೂಕ್ತ.

4. ಅರ್ಜಿ ಸಲ್ಲಿಸುವ ವಿಧಾನ

ಆಯುಧಗಳ ನಿಯಮಗಳು, 2016ರ ನಮೂನೆ ಎ-1ರಲ್ಲಿ ಜಿಲ್ಲಾ ದಂಡಾಧಿಕಾರಿಗಳಿಗೆ ಅರ್ಜಿ ಸಲ್ಲಿಸತಕ್ಕದ್ದು. 2021ರಲ್ಲಿ ವಿಜಯನಗರ ಜಿಲ್ಲೆ ರಚನೆಯಾದ ಕಾರಣ ಮೇಲ್ಕಂಡ ತಾಲ್ಲೂಕುಗಳ ನಿವಾಸಿಗಳು ಹೊಸಪೇಟೆಯಲ್ಲಿರುವ ಜಿಲ್ಲಾ ಕೇಂದ್ರವನ್ನು ಸಂಪರ್ಕಿಸಬೇಕು; ಬಳ್ಳಾರಿ ಅಥವಾ ದಾವಣಗೆರೆಗೆ ಹೋಗಬೇಕಾಗಿಲ್ಲ. ಅರ್ಜಿಯೊಂದಿಗೆ ಭಾವಚಿತ್ರ, ಗುರುತು, ವಿಳಾಸ ಹಾಗೂ ವಯಸ್ಸಿನ ದಾಖಲೆ, ವೈದ್ಯಕೀಯ ಪ್ರಮಾಣಪತ್ರಗಳನ್ನು ಲಗತ್ತಿಸಬೇಕು. ಬೆಳೆ ರಕ್ಷಣೆಯ ಉದ್ದೇಶವನ್ನು ತೋರಿಸಲು ಪಹಣಿ ಪ್ರತಿಯನ್ನು ಸೇರಿಸುವುದು ಸೂಕ್ತ. ಹಿಂದೆ ಬೆಳೆ ಹಾನಿಯ ಬಗ್ಗೆ ಅರಣ್ಯ ಇಲಾಖೆಗೆ ದೂರು ನೀಡಿದ್ದಲ್ಲಿ ಅದರ ಪ್ರತಿಯನ್ನೂ ಸೇರಿಸಬಹುದು.

ಅರ್ಜಿದಾರರಿಗೆ 21 ವರ್ಷ ತುಂಬಿರಬೇಕು. ಪೊಲೀಸ್ ಠಾಣೆಯಿಂದ ವರದಿ ಪಡೆಯಲಾಗುತ್ತದೆ. ಸಾಕಷ್ಟು ಆಸ್ತಿ ಇಲ್ಲವೆಂಬ ಒಂದೇ ಕಾರಣಕ್ಕೆ ಪರವಾನಗಿಯನ್ನು ನಿರಾಕರಿಸುವಂತಿಲ್ಲ ಎಂದು 14ನೇ ಪ್ರಕರಣ ತಿಳಿಸುತ್ತದೆ. ಸಣ್ಣ ಹಿಡುವಳಿದಾರರು ಇದನ್ನು ಗಮನಿಸುವುದು. ನಿರಾಕರಿಸಿದಲ್ಲಿ ಪ್ರಾಧಿಕಾರವು ಕಾರಣವನ್ನು ಲಿಖಿತವಾಗಿ ದಾಖಲಿಸಬೇಕು. ಸಾರ್ವಜನಿಕ ಹಿತಕ್ಕೆ ಬಾಧಕವಲ್ಲದ ಪಕ್ಷದಲ್ಲಿ, ಅರ್ಜಿದಾರರು ಕೇಳಿದರೆ ಅದರ ಸಂಕ್ಷಿಪ್ತ ಹೇಳಿಕೆಯನ್ನು ನೀಡಲಾಗುತ್ತದೆ. 18ನೇ ಪ್ರಕರಣದಡಿ ಮೇಲ್ಮನವಿಗೂ ಅವಕಾಶವಿದೆ.

ಪರವಾನಗಿ ಅವಧಿಯು ಸಾಮಾನ್ಯವಾಗಿ 5 ವರ್ಷಗಳು. ಅವಧಿ ಮುಗಿಯುವ ಮುನ್ನವೇ ನವೀಕರಣಕ್ಕೆ ಅರ್ಜಿ ಸಲ್ಲಿಸಬೇಕು. 2019ರ ತಿದ್ದುಪಡಿಯಂತೆ ಸಾಮಾನ್ಯವಾಗಿ ಒಬ್ಬರು 2ಕ್ಕಿಂತ ಹೆಚ್ಚು ಬಂದೂಕುಗಳನ್ನು ಹೊಂದುವಂತಿಲ್ಲ.

5. ಗುಡೇಕೋಟೆ ಮತ್ತು ದರೋಜಿ ಸುತ್ತಲಿನ ಗ್ರಾಮಗಳಿಗೆ ವಿಶೇಷ ಸೂಚನೆ

ವನ್ಯಜೀವಿ (ಸಂರಕ್ಷಣೆ) ಅಧಿನಿಯಮ, 1972ರ 34ನೇ ಪ್ರಕರಣದ ಪ್ರಕಾರ ವನ್ಯಜೀವಿ ಧಾಮದಿಂದ 10 ಕಿಲೋಮೀಟರ್ ಒಳಗೆ ಮುಖ್ಯ ವನ್ಯಜೀವಿ ಪರಿಪಾಲಕರ ಪೂರ್ವಾನುಮತಿ ಇಲ್ಲದೆ ಹೊಸ ಬಂದೂಕು ಪರವಾನಗಿ ನೀಡುವಂತಿಲ್ಲ. ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆ ಕರಡಿ ಧಾಮದ ಸಮೀಪದ ಗ್ರಾಮಗಳಿಗೂ, ದರೋಜಿ ಕರಡಿ ಧಾಮದ ಸಮೀಪದ ಗ್ರಾಮಗಳಿಗೂ ಇದು ಅನ್ವಯಿಸುತ್ತದೆ. ಇಂತಹ ಅರ್ಜಿಗಳಿಗೆ ಹೆಚ್ಚಿನ ಕಾಲ ಬೇಕಾಗುವುದರಿಂದ ಬಿತ್ತನೆಗೆ ಸಾಕಷ್ಟು ಮೊದಲೇ ಅರ್ಜಿ ಸಲ್ಲಿಸುವುದು ಉತ್ತಮ.

6. ಪರವಾನಗಿ ಎಂದರೆ ಬೇಟೆಗೆ ಅನುಮತಿ ಅಲ್ಲ

ಬೆಳೆ ರಕ್ಷಣೆಯ ಪರವಾನಗಿ ಬಂದೂಕು ಹೊಂದಲು ಮಾತ್ರ ಅನುಮತಿಯಾಗಿದೆ. ಪ್ರಾಣಿಯನ್ನು ಕೊಲ್ಲಲು ಅಲ್ಲ. ಕರಡಿ, ಚಿರತೆ, ಕೃಷ್ಣಮೃಗ ಹಾಗೂ ನವಿಲು 1ನೇ ಅನುಸೂಚಿಯಲ್ಲಿವೆ. ಕಾಡುಹಂದಿಯೂ ರಕ್ಷಿತ ಪ್ರಾಣಿಗಳ ಪಟ್ಟಿಯಲ್ಲಿದೆ. ಬೆಳೆಗೆ ಅಪಾಯವಾಗಿರುವ ಪ್ರಾಣಿಯ ಬಗ್ಗೆ ಕ್ರಮ ಜರುಗಿಸಲು 11ನೇ ಪ್ರಕರಣದಡಿ ಅರಣ್ಯ ಇಲಾಖೆಯ ಅಧಿಕೃತ ಅಧಿಕಾರಿಯ ಲಿಖಿತ ಆದೇಶ ಬೇಕು. ಹೊಲದ ಬೇಲಿಗೆ ನೇರವಾಗಿ ವಿದ್ಯುತ್ ಹರಿಸುವುದು ಹಾಗೂ ಸಿಡಿಮದ್ದಿನ ಉಂಡೆ ಇಡುವುದು ಅಪರಾಧ. ಇವುಗಳಿಂದ ದನಕರುಗಳೂ ಮನುಷ್ಯರೂ ಸಾಯುತ್ತಾರೆ.

ಬೆಳೆ ಹಾನಿಯಾದಲ್ಲಿ ಅರಣ್ಯ ಇಲಾಖೆಯ ಇ-ಪರಿಹಾರ ವ್ಯವಸ್ಥೆಯಡಿ ಪರಿಹಾರ ಕೋರಬಹುದು. ಹಾನಿಯಾದ ಕೂಡಲೇ ಹೊಲದ ಛಾಯಾಚಿತ್ರ ತೆಗೆದು, ಪಹಣಿಯೊಂದಿಗೆ ವಲಯ ಅರಣ್ಯಾಧಿಕಾರಿಗಳ ಕಚೇರಿಗೆ ತಿಳಿಸಬೇಕು. ಬಂದೂಕು ಇಲ್ಲದ ರೈತರಿಗೂ ಈ ಸೌಲಭ್ಯವಿದೆ.

7. ಹಿರಿಯರ ಕಾಲದ ಬಂದೂಕು ಮನೆಯಲ್ಲಿದ್ದರೆ

ತಂದೆಯವರ ಅಥವಾ ತಾತನವರ ಹೆಸರಿನ ಬಂದೂಕನ್ನು ಅವರು ತೀರಿಕೊಂಡ ನಂತರವೂ ಅಟ್ಟದ ಮೇಲೆ ಇಟ್ಟುಕೊಂಡಿರುವ ಪ್ರಸಂಗಗಳಿವೆ. ಪರವಾನಗಿ ವ್ಯಕ್ತಿಯ ಹೆಸರಿನಲ್ಲಿರುತ್ತದೆಯೇ ಹೊರತು ಮನೆತನದ ಹೆಸರಿನಲ್ಲಲ್ಲ. ಅಂತಹ ಬಂದೂಕನ್ನು ವಿಳಂಬವಿಲ್ಲದೆ ಪೊಲೀಸ್ ಠಾಣೆಯಲ್ಲಿ ಅಥವಾ ಪರವಾನಗಿ ಹೊಂದಿದ ಮಾರಾಟಗಾರರಲ್ಲಿ ಠೇವಣಿ ಇಟ್ಟು ರಸೀದಿ ಪಡೆದು, ವಾರಸುದಾರರು ತಮ್ಮ ಹೆಸರಿಗೆ ಪರವಾನಗಿ ಕೋರಬಹುದು. ಪರವಾನಗಿದಾರರು ಜೀವಂತವಿದ್ದಾಗಲೂ, ಅವರಿಗೆ 70 ವರ್ಷ ತುಂಬಿದಲ್ಲಿ ಅಥವಾ ಬಂದೂಕು ಹೊಂದಿ 25 ವರ್ಷವಾದಲ್ಲಿ, ವಾರಸುದಾರರಿಗೆ ವರ್ಗಾಯಿಸಲು 2016ರ ನಿಯಮಗಳಲ್ಲಿ ಅವಕಾಶವಿದೆ. ಕೊಡವರಿಗೆ ಹಾಗೂ ಕೊಡಗಿನ ಜಮ್ಮಾ ಹಿಡುವಳಿದಾರರಿಗೆ ಇರುವ ವಿನಾಯಿತಿಯು ಈ ಜಿಲ್ಲೆಯ ಇತರ ರೈತರಿಗೆ ಅನ್ವಯಿಸುವುದಿಲ್ಲ.

8. ಸುರಕ್ಷತೆ

ಬಂದೂಕಿಗೆ ಮದ್ದನ್ನು ಹೊಲ ತಲುಪಿದ ನಂತರವೇ ತುಂಬಬೇಕು. ತುಂಬಿದ ಬಂದೂಕನ್ನು ಮನೆಗೆ ತರಬಾರದು. ಒಮ್ಮೆ ತುಂಬಿದ್ದನ್ನು ಮರೆತು ಮತ್ತೆ ತುಂಬಿದರೆ ನಳಿಗೆ ಸಿಡಿಯುವ ಅಪಾಯವಿದೆ. ಕುದುರೆ ಎಳೆದಾಗ ಈಡು ಹಾರದಿದ್ದರೆ ನಳಿಗೆಯನ್ನು ಜನರಿಲ್ಲದ ಕಡೆಗೆ ಹಿಡಿದು ಸ್ವಲ್ಪ ಹೊತ್ತು ಕಾಯಬೇಕು; ನಳಿಗೆಯೊಳಗೆ ಇಣುಕಿ ನೋಡಬಾರದು. ಕತ್ತಲಲ್ಲಿ ಸದ್ದು ಬಂದ ಕಡೆಗೆ ಗುರಿಯಿಟ್ಟು ಹಾರಿಸಬಾರದು. ಪಕ್ಕದ ಹೊಲದಲ್ಲಿ ಬೆಳೆ ಕಾಯುತ್ತಿರುವವರೂ ನಮ್ಮಂತೆಯೇ ಎಚ್ಚರವಿರುವ ರೈತರು ಎಂಬುದನ್ನು ಮರೆಯಬಾರದು.

ಬಂದೂಕು ಕಳೆದುಹೋದಲ್ಲಿ ಅಥವಾ ಕಳುವಾದಲ್ಲಿ ಕೂಡಲೇ ಪೊಲೀಸ್ ಠಾಣೆಗೆ ತಿಳಿಸಬೇಕು. ಚುನಾವಣೆಯ ಕಾಲದಲ್ಲಿ ಠೇವಣಿ ಇಡಲು ಆದೇಶವಾದರೆ ಅದನ್ನು ಪಾಲಿಸಿ, ರಸೀದಿಯನ್ನು ಜೋಪಾನವಾಗಿಡಬೇಕು.

ಈಗಾಗಲೇ ಮರುತುಂಬುವ ಯಂತ್ರವನ್ನು ಕೊಂಡವರು ಅದನ್ನು ಬಳಸದೆ, ಬೇರೆಯವರಿಗೆ ಮಾರದೆ, ವಕೀಲರ ಸಲಹೆ ಪಡೆದು ಪೊಲೀಸ್ ಠಾಣೆಗೆ ತಿಳಿಸುವುದು ಒಳಿತು. ಕೊಳ್ಳಬೇಕೆಂದಿರುವವರು ಹಣ ಕಟ್ಟುವ ಮುನ್ನ ಪರವಾನಗಿ ಪ್ರಾಧಿಕಾರವನ್ನು ಲಿಖಿತವಾಗಿ ಕೇಳಿ ಖಚಿತಪಡಿಸಿಕೊಳ್ಳತಕ್ಕದ್ದು. ಸಾರ್ವಜನಿಕರು ಮೇಲ್ಕಂಡ ಮಾಹಿತಿಯ ಸದುಪಯೋಗ ಪಡೆದುಕೊಳ್ಳಲು ಕೋರಲಾಗಿದೆ.